ಕಡಿಮೆ ಸಿಟ್ಟಿನ ಮುಖ

ಬೆಳಗಿನ ಐದೂವರೆಗೆ ನಾನು ಹಾಡುತ್ತಿದ್ದೆ. ನನಗೆ ಹಾಡಲು ಬರುವುದಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತ ಕೇಳಿಸಿಕೊಳ್ಳುತ್ತಿದ್ದೆ, ಅಷ್ಟೇ. ನಮ್ಮ ಪಡಸಾಲೆಯ ಟಿವಿಯಿಂದ, ಕೆಳಗಿನ ಕಾಶೀಬಾಯಿ ಕಾಕುವಿನ ಟಿವಿಯಿಂದ, ಎದುರುಮನೆಯ ಶರಣಪ್ಪ ಮಾಸ್ತರರ ಟಿವಿಯಿಂದ ನನ್ನದೇ ದನಿ ಒಂದರ ಬೆನ್ನಿಗೊಂದು ಬರುತ್ತಿತ್ತು. ಹಾಡಿನ ಕೊನೆಯ ಸಾಲಿಗೆ ಕಣ್ಣು ಮುಚ್ಚಿ ಸಣ್ಣಗೆ ತಲೆ ತೂಗಬೇಕು. ಟಿವಿಯ ನಾನು ಅದನ್ನು ಒಂದು ದಿನವೂ ತಪ್ಪಿಸುವುದಿಲ್ಲ.

ಮಾಸ್ತರರು ತಮ್ಮ ಕಟ್ಟೆಯ ಮೇಲೆ ಕೂತು ಬಾಗಿಲೊಳಗಿನ ತಮ್ಮ ಟಿವಿಯ ಕಡೆಗೆ ಕೈ ಮುಗಿದರು. ಹಾಡು ಮುಗಿಯುವವರೆಗೆ ಅವರು ಹಾಗೆಯೇ. ಅದಾದ ಮೇಲೆ ತೊಗರಿ ಬೆಳೆಯ ಕಾಯಿಕೊರಕ ಹುಳುವಿನ ಬಗ್ಗೆ ನಾನು ಮಾತಾಡುತ್ತೇನೆ. ಎಂಟಕ್ಕೆ ವಾರ್ತೆ. ಆಮೇಲೆ ಎಣ್ಣೆಗಾಯಿ ಮಾಡುವುದು ಹೇಗೆಂದು ತೋರಿಸುತ್ತೇನೆ, ಹತ್ತನೇ ಇಯತ್ತೆಯ ಮಕ್ಕಳಿಗೆ ತ್ರಿಕೋನಮಿತಿ ಹೇಳಿಕೊಡುತ್ತೇನೆ, ಮಧ್ಯಾಹ್ನ ಹಳೆಯ ಸಿನಿಮಾ ಹಾಕುವ ಮುಂಚೆ ಅದರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುತ್ತೇನೆ, ಸಂಜೆ ಮಕ್ಕಳಿಗೆ ಕಥೆ ಹೇಳುತ್ತೇನೆ. ಅವ್ವ ಒಮ್ಮೊಮ್ಮೆ ನಿಟ್ಟುಸಿರು ಬಿಡುತ್ತಾಳೆ: "ಟಿವಿಯಾಗಿನ ನಂದಾ ಎಷ್ಟು ತೆಳ್ಳಗ ರೊಟ್ಟಿ ಬಡಿತಾಳ ನೋಡು. ನನ್ನ ನಂದಾಗ ಹಿಟ್ಟು ನಾದಾಕ ಬರಲ್ಲ."

ಈ ಎಲ್ಲದರ ನಡುನಡುವೆ, ಯಾವ ಹೊತ್ತಿಗಾದರೂ ಸರಿ, ಪರದೆ ನೀಲಿಯಾಗುತ್ತದೆ. ನಾನು ಬಂದು ತಂಪು ಪಾಳಿ ಓದುತ್ತೇನೆ.

ಕಲಬುರಗಿಯ ಬೇಸಿಗೆಯಲ್ಲಿ ತಂಪು ಯಂತ್ರವಿಲ್ಲದೆ ಮನೆಯೊಳಗೆ ಇರಲಾಗದ ಕಾಲ ಬಂದು ಎಷ್ಟೋ ವರ್ಷವಾಯಿತು. ಯಂತ್ರ ಎಲ್ಲರ ಮನೆಯಲ್ಲೂ ಇದೆ. ಅವಕ್ಕೆಲ್ಲ ಒಮ್ಮೆಗೇ ಕೊಡುವಷ್ಟು ಕರೆಂಟು ಇಲ್ಲ. ಹಾಗಾಗಿ ವಾರ್ಡುಗಳಿಗೆ ಪಾಳಿ. ಇವತ್ತು ಯಾವ ವಾರ್ಡಿನ ತಂಪು ನಿಲ್ಲುತ್ತದೆ ಎಂಬುದನ್ನು ನಾಡಸೇವಾ ವಾಹಿನಿ ತಿಳಿಸುತ್ತದೆ. ಕರೆಂಟು ಹೋದರೂ ಟಿವಿ ಮಾತ್ರ ತನ್ನದೇ ಬ್ಯಾಟರಿಯ ಮೇಲೆ ಓಡುತ್ತಿರಬೇಕೆಂದು ಸರ್ಕಾರದ ನಿಯಮ. ಅಂದರೆ ಬೇಯುವ ಮನೆಯಲ್ಲಿ ಉಳಿಯುವುದು ಟಿವಿಯ ಬೆಳಕು ಮತ್ತು ಅದರೊಳಗೆ ನಾನು.

ಪದವಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ವಾಹಿನಿಯವರು ಓದುವವರು ಬೇಕೆಂದು ಕರೆದಿದ್ದರು. ಒಂದು ವಾರ ಕುರ್ಚಿಯಲ್ಲಿ ಕೂರಿಸಿ ಅಕ್ಷರ ಓದಿಸಿದರು, ನಗಿಸಿದರು, ಈರುಳ್ಳಿ ಹಿಡಿದು ಅಳಿಸಿದರು. ಆಮೇಲೆ ಮನೆಗೆ ಕಳಿಸಿದರು. ಮುಂದಿನದೆಲ್ಲ ಯಂತ್ರವೇ ಮಾಡಿಕೊಂಡಿತು. ಮೂರು ವರ್ಷದ ಕರಾರು. ಅದು ಇವತ್ತು ಮುಗಿಯುತ್ತದೆ. ಆದರೆ ಸಂಜೆ ಒಂದು ಮರುಪರೀಕ್ಷೆ ಇದೆ. ಅದರಲ್ಲಿ ನನ್ನ ಮುಖವೇ ಮತ್ತೆ ಗೆದ್ದರೆ ಇನ್ನೂ ಮೂರು ವರ್ಷ ಕರಾರು ತಾನಾಗಿಯೇ ಮುಂದುವರಿಯುತ್ತದೆ. ತಂಪು ಹೋದಾಗಲೆಲ್ಲ ಓಣಿಯವರ ಸಿಟ್ಟು ನಮ್ಮ ಮನೆಯ ಮೇಲೆ. ಗೆದ್ದರೆ ಅಮಾವಾಸ್ಯೆಯೊಳಗೆ ಮನೆ ಖಾಲಿ ಮಾಡಿ ಎಂದು ಮಾಲೀಕರು ಅವ್ವನಿಗೆ ಹೇಳಿ ಹೋಗಿದ್ದಾರೆ. ಬೇರೆ ಯಾರು ಮನೆ ಕೊಡುತ್ತಾರೆ? ಮುಖ ತೋರಿಸದೆ ಮನೆ ಕೇಳುವುದು ಹೇಗೆ?

ವಾರ್ತೆ ಮುಗಿದ ಮೇಲೆ ಚಹಾ ತರಲು ಪಡಸಾಲೆಗೆ ಹೋದೆ. ವೈನಿ, ನಮ್ಮಣ್ಣನ ಹೆಂಡತಿ, ಕೂಸನ್ನು ಟಿವಿಯ ಮುಂದೆ ಮಲಗಿಸಿಕೊಂಡಿದ್ದಳು. ಬೆವರುಸಾಲೆಯಿಂದ ಅದರ ಬೆನ್ನು ಕೆಂಪಾಗಿತ್ತು. ಪರದೆಯ ಮೇಲಿನ ನನ್ನನ್ನು ನೋಡಿ ಕೇಕೆ ಹಾಕಿ ನಗುತ್ತಿತ್ತು. ನಾನು ಬಗ್ಗಿದೆ. ನನ್ನ ಮುಖ ಕಂಡಿದ್ದೇ ತಡ, ತುಟಿ ಸೊಟ್ಟ ಮಾಡಿ ಕಿರುಚತೊಡಗಿತು.

"ದೂರ ನಿಲ್ಲು ಮಾರಾಯ್ತಿ," ಎಂದಳು ವೈನಿ. "ಈಗರೆ ಸುಮ್ನಾಗಿತ್ತು."

"ನಾನೂ ಅವಳೂ ಒಬ್ಬಾಕಿನೇ ಅಲ್ಲ ವೈನಿ?"

"ಅದು ಕೂಸಿಗಿ ಹೇಳು. ನನಗ್ಯಾಕ ಹೇಳ್ತಿ?"

ಮೆಟ್ಟಿಲಿಳಿಯುವಾಗ ಕಾಶೀಬಾಯಿ ಕಾಕು ಪಾತ್ರೆ ತೊಳೆದ ನೀರನ್ನು ನನ್ನ ಕಾಲಿಗೆ ತಾಗುವಂತೆಯೇ ಚೆಲ್ಲಿದಳು. ಮಾಸ್ತರರು ಕಟ್ಟೆಯಿಂದ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಾಡು ಮುಗಿದು ಹೋಗಿತ್ತಲ್ಲ.

ವಾಹಿನಿಯ ನಿಯಂತ್ರಣ ಕೊಠಡಿಯಲ್ಲಿ ಮೈ ನಡುಗುವಷ್ಟು ತಂಪು. ಆ ಕಟ್ಟಡಕ್ಕೆ ಪಾಳಿ ಇಲ್ಲ. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ನಾನು. ನಾಳೆ ಹೇಳಬೇಕಾದ ಕಥೆಯನ್ನು ಒಂದು ಮೂಲೆಯಲ್ಲಿ ಹೇಳುತ್ತಿದ್ದೆ, ಇನ್ನೊಂದು ಮೂಲೆಯಲ್ಲಿ ನಾಡಿದ್ದಿನ ಬೆಂಡೆಕಾಯಿ ಹೆಚ್ಚುತ್ತಿದ್ದೆ. ನಡುವಿನ ದೊಡ್ಡ ಪರದೆಯಲ್ಲಿ ನನ್ನ ಕೆನ್ನೆಯ ಮೇಲೆ ಯಂತ್ರ ಬೆಳಕನ್ನು ಹೆಚ್ಚು ಕಡಿಮೆ ಮಾಡಿ ನೋಡುತ್ತಿತ್ತು.

ಮುಖ್ಯ ಇಂಜಿನಿಯರ್ ಪ್ರಭಾಮಣಿ ಮೇಡಂ ಮೈಸೂರು ಕಡೆಯವರು. ಮಾತು ಮೆತ್ತಗೆ.

"ಬನ್ನಿ ಮಹಾನಂದಾ, ಕೂತ್ಕೊಳಿ. ಟೀವೀಲಿ ಕಾಣೋದಕ್ಕಿಂತ ಸೊರಗಿದೀರಲ್ಲ. ಪರೀಕ್ಷೆ ಸಂಜೆಗೆ. ನೀವು ಬರಲೇಬೇಕು ಅಂತೇನೂ ಇರಲಿಲ್ಲ."

"ನನ್ನ ಮುಖ ನನಗ ವಾಪಸ್ ಕೊಡ್ರಿ ಮೇಡಂ." ಬಸ್ಸಿನಲ್ಲಿ ಇದೇ ವಾಕ್ಯವನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಆದರೂ ಬಾಯಿಂದ ಅರ್ಧಕ್ಕರ್ಧ ಗಾಳಿಯೇ ಬಂತು.

"ನಿಮ್ಮ ಮುಖ ನಿಮ್ಮ ಹತ್ರಾನೇ ಇದೆಯಲ್ಲ," ಎಂದರು ಅವರು, ನಿಜವಾಗಿಯೂ ಅರ್ಥವಾಗದವರ ಹಾಗೆ.

ಆಮೇಲೆ ಒಂದು ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಪರೀಕ್ಷೆಗೆ ಬಂದ ವೀಕ್ಷಕರ ಮುಂಗೈಗೆ ಒಂದು ಪಟ್ಟಿ ಕಟ್ಟುತ್ತಾರೆ. ಅದು ನಾಡಿ, ಬೆವರು, ಚರ್ಮದ ಬಿಸಿ ನೋಡಿ ಅವರಿಗೆಷ್ಟು ಸಿಟ್ಟು ಬಂದಿದೆ ಎಂದು ಅಂಕ ಹೇಳುತ್ತದೆ. ಪಾಳಿ ಓದುವ ಮುಖ ಯಾರದಿರಬೇಕು ಎಂದು ನೂರಾರು ಜನರ ಮುಖಗಳನ್ನು ಹೀಗೆ ಪರೀಕ್ಷಿಸಿದ್ದರು. ನನ್ನ ಮುಖಕ್ಕೆ ಬಂದ ಅಂಕ ಎಲ್ಲಕ್ಕಿಂತ ಕಡಿಮೆ.

"ಯಾವ ಮುಖ ನೋಡಿದ್ರೂ ಮೆದುಳು ಮೊದಲು ಒಂದು ಲೆಕ್ಕ ಹಾಕುತ್ತೆ. ಇದು ನನಗೆ ಎದುರು ನಿಲ್ಲುತ್ತೋ, ತಲೆ ತಗ್ಗಿಸುತ್ತೋ ಅಂತ. ನಿಮ್ಮ ಮುಖದಲ್ಲಿ ತಲೆ ತಗ್ಗಿಸೋದು ಮೊದಲೇ ಇದೆ. ಅಭಿನಯದಿಂದ ಅದು ಬರೋದಿಲ್ಲ ನೋಡಿ."

"ಆದ್ರ ಪಾಳಿ ಓದೂದಕ್ಕ ಅಷ್ಟೇ ಅಂದಿದ್ರಿ. ಹಾಡು, ಅಡುಗಿ, ಗಣಿತ ಎಲ್ಲಾ ಯಾಕ?"

"ನಾವೂ ಹಾಗೇ ಶುರು ಮಾಡಿದ್ದು. ಒಂದೊಂದು ಕಾರ್ಯಕ್ರಮಕ್ಕೆ ಒಂದೊಂದು ಮುಖ ಇತ್ತು. ಲೆಕ್ಕ ಪರಿಶೋಧಕರು ಆಕ್ಷೇಪ ಎತ್ತಿದ್ರು. ಕುರ್ಚಿ ಕೊಳ್ಳಲಿ, ಕಸಬರಿಗೆ ಕೊಳ್ಳಲಿ, ಕಡಿಮೆ ಅಂಕಿ ಹಾಕಿದೋರಿಗೆ ಕೊಡಬೇಕು ಅನ್ನೋದು ಸರ್ಕಾರಿ ನಿಯಮ. ಇಷ್ಟು ಕಡಿಮೆ ಅಂಕದ ಮುಖ ಕಚೇರಿಯಲ್ಲೇ ಇರುವಾಗ, ಕೃಷಿ ಕಾರ್ಯಕ್ರಮಕ್ಕೆ ಹೆಚ್ಚಿನ ಅಂಕದ ಮುಖ ಯಾಕೆ ಬಳಸಿದಿರಿ ಅಂತ ಕೇಳಿದ್ರು. ನಮ್ಮ ಹತ್ರ ಉತ್ತರ ಇರಲಿಲ್ಲ. ಇಡೀ ದಿನ ನಿಮಗೇ ಬಂತು."

ಟೆಂಡರು ಗೆದ್ದ ಕಸಬರಿಗೆ ನಾನು. ನಗು ಬರಬೇಕಿತ್ತು.

ನಾನು ಪರದೆಯ ಬಲತುದಿಗೆ ಬೆರಳು ತೋರಿಸಿದೆ. ನನ್ನ ಮುಖ ಪರದೆಯ ಮೇಲೆ ಇರುವಷ್ಟು ಹೊತ್ತೂ ಗೆರೆ ನೆಲಕ್ಕಂಟಿಕೊಂಡು ಓಡುತ್ತಿತ್ತು. ಕಾರ್ಯಕ್ರಮ ಮುಗಿದು, ಜನ ಎದ್ದು, ಇನ್ನೂ ಪಟ್ಟಿ ಬಿಚ್ಚದೆ ಬಾಗಿಲ ಕಡೆ ನಡೆಯುವ ಹೊತ್ತಿಗೆ ಅದು ಏರತೊಡಗುತ್ತಿತ್ತು. ಚೂಪಾಗಿ, ಗೋಡೆ ಹತ್ತಿದ ಹಾಗೆ.

"ಇದೇನ್ರಿ?"

"ಅದಾ? ಅದು ಕಾರ್ಯಕ್ರಮ ಮುಗಿದ ಮೇಲಿನದು. ನೋಡ್ತಾ ಇರುವಾಗ ಬರದೇ ಇದ್ದ ಸಿಟ್ಟು ಆಮೇಲೆ ಬರುತ್ತೆ. ಪ್ರಸಾರದ ಅವಧಿ ಅಲ್ಲ ಅದು. ನಮ್ಮ ವ್ಯಾಪ್ತಿಗೆ ಬರೋದಿಲ್ಲ."

"ನನ್ನ ವ್ಯಾಪ್ತಿಗಿ ಬರ್ತದರಿ. ದಿನಾ ನನ್ನ ಮನಿ ಬಾಗಿಲಿಗಿ ಬರ್ತದ."

ಮೇಡಂ ನನ್ನನ್ನು ಒಂದು ಕ್ಷಣ ನೋಡಿದರು. ಕೆನ್ನೆಯ ಬೆಳಕು ಹೊಂದಿಸುವ ಯಂತ್ರವೂ ಹಾಗೆಯೇ ನೋಡುತ್ತಿತ್ತು. "ಸಂಜೆ ನಿಮ್ಮ ಅಂಕ ಏರಿದರೆ ಕರಾರು ಮುಂದುವರಿಯೋದಿಲ್ಲ. ನಿಯಮ ಸ್ಪಷ್ಟವಾಗಿದೆ. ನಿಮ್ಮ ವಾರ್ಡಿನವರನ್ನೇ ಈ ಸಲ ವೀಕ್ಷಕರಾಗಿ ಕರೆಸಿದೀವಿ. ಒಳ್ಳೇದೇ ಆಯ್ತಲ್ಲ ನಿಮಗೆ? ಅವರಿಗೆ ನಿಮ್ಮನ್ನ ಕಂಡ್ರೆ ಆಗಲ್ಲ ಅಂತೀರ."

ಮನೆಗೆ ಮರಳುವ ಬಸ್ಸಿನಲ್ಲಿ ಓಢಣಿಯನ್ನು ಕಣ್ಣಿನವರೆಗೆ ಸುತ್ತಿಕೊಂಡು ಕಿಟಕಿಗೆ ಮುಖ ಮಾಡಿ ಕೂತಿದ್ದೆ. ಚಾಲಕನ ಹಿಂದಿನ ಟಿವಿಯಲ್ಲಿ ನಾನು ಸೈನ್, ಕೊಸೈನ್ ಹೇಳುತ್ತಿದ್ದೆ. ಪರದೆ ನೀಲಿಯಾಯಿತು. ನನ್ನ ದನಿ ನಮ್ಮ ವಾರ್ಡಿನ ಹೆಸರು ಓದಿತು. ನಾಳೆ ಸಂಜೆಯವರೆಗೆ ತಂಪಿಲ್ಲ. ದಯವಿಟ್ಟು ಸಹಕರಿಸಿ.

ಬಸ್ಸಿನಲ್ಲಿ ಯಾರಿಗೂ ಸಿಟ್ಟು ಬರಲಿಲ್ಲ. "ಪಾಪ, ಆಕಿಯರೆ ಏನ್ ಮಾಡ್ತಾಳ," ಎಂದಳು ಮುಂದಿನ ಸೀಟಿನ ಹೆಂಗಸು, ಪರದೆಯನ್ನು ನೋಡುತ್ತ. ಎರಡು ನಿಲ್ದಾಣ ದಾಟಿದ ಮೇಲೆ ಅದೇ ಹೆಂಗಸು ಇಳಿಯಲು ಎದ್ದಳು. ನನ್ನ ಓಢಣಿ ಜಾರಿತ್ತು. ಅವಳು ನೋಡಿದಳು. ಇಳಿಯುವ ಮುನ್ನ ನನ್ನ ಚಪ್ಪಲಿಯ ಮೇಲೆ ಕಾಲಿಟ್ಟು ಭಾರ ಹಾಕಿ ತಿರುವಿದಳು.

ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಹೆಂಗಸರೆಲ್ಲ ಬಂದು ಕೂತಿದ್ದರು. ಮನೆಗಳೊಳಗೆ ಬಿಸಿ ಆಗಲೇ ತುಂಬಿಕೊಂಡಿತ್ತು. ನಾನು ಬಂದಿದ್ದನ್ನು ಕಂಡರೂ ದಾರಿ ಬಿಡಲು ಯಾರೂ ಸರಿಯಲಿಲ್ಲ.

"ಬಂದ್ಳವ್ವ ಮಹಾರಾಣಿ," ಎಂದಳು ಕಾಶೀಬಾಯಿ ಕಾಕು, ತಟ್ಟೆಯಿಂದ ಗಾಳಿ ಹಾಕಿಕೊಳ್ಳುತ್ತ. "ನಮ್ಮ ಹೆಸರು ಓದಿ ನೀ ಎಲ್ಲಿ ಹೋಗಿದ್ದಿ? ತಂಪಿನ್ಯಾಗ ಕುಂತು ಬರಾಕ?"

"ನಾ ಓದಿಲ್ರಿ ಕಾಕು."

"ಮತ್ಯಾರು ಓದಿದ್ರು, ನಿಮ್ಮಜ್ಜಿ?"

ಎಲ್ಲರೂ ನಕ್ಕರು. ಇಂಥ ಹೊತ್ತಿನಲ್ಲಿ ನಾನು ಯಾವಾಗಲೂ ಮಾಡುವುದು ಒಂದೇ, ನೆಲ ನೋಡುತ್ತ ನಿಲ್ಲುವುದು. ಅವತ್ತು ಕಷ್ಟಪಟ್ಟು ಬಾಯಿ ತೆಗೆದೆ.

"ಸಂಜಿಕ ನಿಮ್ಮನ್ನ ವಾಹಿನಿಗಿ ಕರದಾರಲ್ರಿ. ಕೈಗೆ ಪಟ್ಟಿ ಕಟ್ಟಿ ಟಿವಿ ತೋರಸ್ತಾರ. ಅಲ್ಲಿ, ನನ್ನ ಮುಖ ಬಂದಾಗ, ನಿಮಗ ಸಿಟ್ಟು ಬರಬೇಕ್ರಿ. ಅಂದ್ರ ನನ್ನ ತಗದ್ಹಾಕ್ತಾರ. ನಿಮ್ಮ ಕಾಲಿಗಿ ಬೀಳ್ತೀನಿ, ಅಲ್ಲಿ ಸಿಟ್ಟು ಮಾಡ್ಕೋರಿ."

ಕಾಕು ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. "ಸಿಟ್ಟು ಮಾಡ್ಕೋಳಾಕ ಹೇಳಿಕೊಡಬೇಕೇನ ನಮಗ? ನಿನ್ನ ಮಾರಿ ನೆನಸಿದ್ರ ಸಾಕು, ಹೊಟ್ಯಾಗ ಬೆಂಕಿ ಬೀಳ್ತದ."

"ಅಲ್ಲಿ ಉಪ್ಪಿಟ್ಟು ಚಹಾ ಕೊಡ್ತಾರೇನ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಕೊಡ್ತಾರ್ರಿ."

"ಕೊಟ್ರ ತಿಂತೀವಿ. ತಿಂದು ಸಿಟ್ಟು ಮಾಡ್ಕೋತೀವಿ. ನಿನ್ನ ಓಡಿಸೂದು ಬಿಟ್ಟು ನಮಗ ಬ್ಯಾರೆ ಕೆಲಸ ಏನದ?"

ಅಷ್ಟು ದ್ವೇಷ ಅಷ್ಟು ಹಿತವಾಗಿ ನನಗೆ ಎಂದೂ ಕೇಳಿಸಿರಲಿಲ್ಲ. ಅವರ ಕಾಲುಗಳ ನಡುವೆ ಜಾಗ ಹುಡುಕಿಕೊಂಡು ಮೇಲೆ ಹತ್ತಿದೆ.

ಸಂಜೆ ಪರೀಕ್ಷಾ ಸಭಾಂಗಣ ತುಂಬಿತ್ತು. ನಾನು ಮೇಡಂ ಜೊತೆ ಗಾಜಿನಾಚೆಯ ಕೊಠಡಿಯಲ್ಲಿ ಕೂತಿದ್ದೆ. ಕಾಶೀಬಾಯಿ ಕಾಕು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಮಾಸ್ತರರು. ಮಿನಿಬಸ್ಸಿನಲ್ಲಿ ಬಂದವರೆಲ್ಲ ಮೊದಲು ಮಾಡಿದ ಕೆಲಸವೆಂದರೆ ತಂಪಿನ ಕಿಂಡಿಯ ಕೆಳಗೆ ಮುಖವೆತ್ತಿ ನಿಂತಿದ್ದು. ಮಧ್ಯಾಹ್ನದಿಂದ ಬೆಂದ ಮೈಗಳು. ಉಪ್ಪಿಟ್ಟಿನ ತಟ್ಟೆ ಬಂತು, ಮುಂಗೈಗೆ ಪಟ್ಟಿ ಬಿತ್ತು.

ಮೊದಲು ಬೇರೆ ಬೇರೆ ಮುಖಗಳು ಬಂದು ಪಾಳಿ ಓದಿದವು. ಒಬ್ಬ ದಪ್ಪ ಮೀಸೆಯವನಿಗೆ ಗೆರೆ ಸರ್ರನೆ ಏರಿತು. "ಲೇ, ನಿಮ್ಮಪ್ಪನ ಮನಿ ಕರೆಂಟೇನೋ!" ಎಂದು ಯಾರೋ ಕೂಗಿದರು. ಒಬ್ಬ ಸುಂದರಿಗೆ ಇನ್ನೂ ಹೆಚ್ಚು. ತೆಳ್ಳಗಿನ ಒಬ್ಬ ಹುಡುಗನ ಮುಖಕ್ಕೆ ಗೆರೆ ಕೆಳಗೇ ಉಳಿಯಿತು. ಆಮೇಲೆ ನಾನು ಬಂದೆ.

ಕಾಕು ಪರದೆಯನ್ನು ದುರುಗುಟ್ಟಿ ನೋಡಿದಳು. ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ಕೊಟ್ಟ ಮಾತು ಉಳಿಸಿಕೊಳ್ಳಲು ಅವಳು ಪಡುತ್ತಿದ್ದ ಪಾಡು ಗಾಜಿನಾಚೆಗೂ ಕಾಣುತ್ತಿತ್ತು. ಆದರೆ ಗೆರೆ ಇಳಿಯುತ್ತಿತ್ತು. ಪರದೆಯ ನಾನು ಮೆಲ್ಲಗೆ, ತಪ್ಪು ತನ್ನದೇ ಎಂಬಂತೆ, ವಾರ್ಡುಗಳ ಹೆಸರು ಓದುತ್ತಿದ್ದೆ. ಕಾಕುವಿನ ಹುಬ್ಬು ಸಡಿಲವಾಯಿತು. ಮಾಸ್ತರರು ಅರಿವಿಲ್ಲದೆ ಕೈ ಜೋಡಿಸಿದರು. ಕಾಕು ಪಕ್ಕದವಳ ಕಡೆ ಬಾಗಿ ಏನೋ ಅಂದಳು. ಮೇಡಂ ಗುಂಡಿಯೊಂದನ್ನು ಒತ್ತಿದರು, ಅವಳ ದನಿ ಕೇಳಿಸಿತು:

"ಎಷ್ಟ ಕೆಟ್ಟ ಸುದ್ದಿ ಇದ್ರೂ ಎಷ್ಟ ಛಂದ ಹೇಳ್ತದ ನೋಡವ್ವ ಕೂಸು."

"ಆಯ್ತಲ್ಲ," ಎಂದರು ಮೇಡಂ. "ಹಿಂದಿನ ಸಲಕ್ಕಿಂತಲೂ ಕಡಿಮೆ ಬರ್ತಾ ಇದೆ. ಅಭಿನಂದನೆಗಳು."

ಅಮಾವಾಸ್ಯೆ, ಮಾಲೀಕರು, ಅವ್ವ, ಕೂಸಿನ ಬೆನ್ನು, ಇನ್ನೂ ಮೂರು ಬೇಸಿಗೆ. ನಾನು ಎದ್ದಿದ್ದು ನನಗೇ ಗೊತ್ತಾಗಲಿಲ್ಲ. ಬಾಗಿಲು ತೆಗೆದು ಸಭಾಂಗಣದೊಳಕ್ಕೆ ಹೋಗಿ ಪರದೆಯ ಕೆಳಗೆ ನಿಂತೆ. ಮೇಲೆ ನಾನು ಓದುತ್ತಲೇ ಇದ್ದೆ.

ಗುಸುಗುಸು ಎದ್ದಿತು. "ಏ, ಇಲ್ಲೇ ಅದಾಳಲ್ಲ!" ಎಂದರು ಯಾರೋ. ಗಾಜಿನಾಚೆಯ ಪರದೆ ನನಗೆ ಅಲ್ಲಿಂದಲೂ ಕಾಣುತ್ತಿತ್ತು. ಗೆರೆ ಒಮ್ಮೆ ನೆಗೆಯಿತು. ಇಷ್ಟು ಜನರ ಕಣ್ಣು ನನ್ನ ಮೇಲೆ ಬಿತ್ತು. ಅಭ್ಯಾಸದಂತೆ ತಲೆ ತಗ್ಗಿಸಿದೆ. ಗೆರೆ ಮತ್ತೆ ಇಳಿಯಿತು. ಅವರಿಗೆ ಈಗ ಒಂದರ ಬದಲು ಎರಡು ತಗ್ಗಿದ ತಲೆ ಕಾಣುತ್ತಿತ್ತು.

ಆಗ ಅರ್ಥವಾಯಿತು. ನಾನು ತಲೆ ಎತ್ತಿದೆ.

"ಕಾಕು," ಎಂದೆ. ದನಿ ಒಡೆದಿತ್ತು. "ನನ್ನ ಕಾಲಿಗಿ ಎಂಜಲ ನೀರು ಹೊಡಿತಿ. ಇಲ್ಲಿ ಕೂಸು ಅಂತಿ. ಉಪ್ಪಿಟ್ಟಿಗಿ ನಾಲಿಗಿ ಮಾರಿದ್ಯೇನ?"

ಕಾಕು ಬಾಯಿ ತೆರೆದುಕೊಂಡೇ ಉಳಿದಳು. ಬಾಯಲ್ಲಿ ಉಪ್ಪಿಟ್ಟಿತ್ತು.

"ಮಾಸ್ತರ್ರೆ, ಮುಂಜಾನಿ ಕೈ ಮುಗಿತೀರಿ. ನಾ ಎದುರಿಗಿ ಬಂದ್ರ ಬಾಗಿಲು ಬಡಿತೀರಿ. ಸಾಲ್ಯಾಗ ಮಕ್ಕಳಿಗಿ ಇದೇ ಕಲಿಸಿದ್ರೇನು? ನಿಮ್ಮ ವಯಸ್ಸಿಗಿ ನಾಚಿಕಿ ಆಗಬೇಕು!"

"ಏ ಹುಡುಗಿ, ಮಾತು ಹಿಡದು ಆಡು!" ಎಂದರು ಮಾಸ್ತರರು.

"ಯಾಕ ಹಿಡಿಲಿ? ಮೂರು ವರ್ಷ ಹಿಡದೀನಿ. ತಂಪು ಕಸಗೊಂಡವರು ಯಾರು ಅಂತ ಒಬ್ಬರರೆ ಹೋಗಿ ಕೇಳೀರೇನು? ಕರೆಂಟ್ ಮಂಡಳಿ ಬಾಗಿಲಿಗಿ ಹೋಗಾಕ ನಿಮಗ ಧೈರ್ಯ ಇಲ್ಲ. ಬಾಯಿಲ್ಲದ ಹೆಣ್ಣು ಮಗಳು ಸಿಕ್ಳು, ಆಕಿ ಮ್ಯಾಲ ಉಗುಳೂದು. ಹೇಡಿಗಳು! ಬೇಯ್ರಿ, ಬೇಯ್ರಿ, ನಿಮಗ ಇನ್ನಾ ಒಂದು ವಾರ ತಂಪು ಬ್ಯಾಡ!"

ಕೊನೆಯ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಅದನ್ನು ಆಡುವಾಗ ನನ್ನೊಳಗೆ ಒಂದು ಸುಖವಿತ್ತು, ಅದನ್ನು ಮಾತ್ರ ಬಲ್ಲೆ.

ಮೊದಲ ತಟ್ಟೆ ನನ್ನ ಭುಜಕ್ಕೆ ಬಡಿಯಿತು. ಎರಡನೆಯದು ಪರದೆಗೆ ಬಡಿದು ಮೇಲಿನ ನನ್ನ ಕೆನ್ನೆಯ ಮೇಲೆ ಉಪ್ಪಿಟ್ಟು ಮೆತ್ತಿಕೊಂಡಿತು. ಕಾಕು ಕುರ್ಚಿಯ ಮೇಲೆ ಹತ್ತಿ ನನ್ನ ಏಳು ತಲೆಮಾರನ್ನು ಬೈಯುತ್ತಿದ್ದಳು. ಗೆರೆ ಗಾಜಿನಾಚೆಯ ಪರದೆಯ ಅಂಚು ಮುಟ್ಟಿ ನಿಂತಿತ್ತು. ಧ್ವನಿವರ್ಧಕದಲ್ಲಿ ಮೇಡಂ ಮೆತ್ತಗೆ ಹೇಳುತ್ತಿದ್ದರು, "ಮಹಾನಂದಾ ಅವರೇ, ದಯವಿಟ್ಟು ಹೊರಗೆ ಬನ್ನಿ. ಮಹಾನಂದಾ ಅವರೇ."

ಗಾಜಿನಾಚೆಗೆ ಮರಳಿದಾಗ ಕೂದಲಲ್ಲಿ ಸಾಸಿವೆ ಸಿಕ್ಕಿಕೊಂಡಿತ್ತು. ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ ಎನ್ನುತ್ತಾರೆಂದು ಕಾದೆ. ಮೇಡಂ ನಿಯಮವನ್ನು ಎರಡು ಸಲ ಓದಿಕೊಂಡರು.

"ಮುಖ ಪರದೆ ಮೇಲೆ ಇರುವಾಗ ದಾಖಲಾದ ಅಂಕ ಅಂತಿದೆ. ಮುಖ ಪರದೆ ಮೇಲಿತ್ತು. ಬರುತ್ತೆ." ಅವರ ದನಿಯಲ್ಲಿ ಬೇಸರವಿರಲಿಲ್ಲ, ಸಂತೋಷವೂ ಇರಲಿಲ್ಲ. "ನೀವು ಇನ್ನು ಹೊರಡಬಹುದು. ಮುಂದಿನ ಅತಿ ಕಡಿಮೆ ಅಂಕದವರಿಗೆ ಆದೇಶ ಹೋಗುತ್ತೆ."

ಮರುವಾರದಿಂದ ಟಿವಿಯಲ್ಲಿ ಆ ತೆಳ್ಳಗಿನ ಹುಡುಗ ಬಂದ. ಬೆಳಿಗ್ಗೆ ಹಾಡಿದ, ಹುಳುವಿನ ಬಗ್ಗೆ ಹೇಳಿದ, ಎಣ್ಣೆಗಾಯಿ ಮಾಡಿದ. ಅವ್ವ ಅವನ ರೊಟ್ಟಿಯನ್ನೂ ಮೆಚ್ಚಿಕೊಂಡಳು. ಕೂಸು ಅವನಿಗೆ ಕೇಕೆ ಹಾಕಿತು. ನನ್ನ ತೋಳಿಗೂ ಬಂತು. ವೈನಿ ಕೊಡುವಾಗ ಸ್ವಲ್ಪ ತಡೆದಳು, ಆದರೂ ಕೊಟ್ಟಳು.

ಮೆಟ್ಟಿಲ ಮೇಲೆ ಕಾಶೀಬಾಯಿ ಕಾಕು ಮೊದಲ ಎರಡು ದಿನ ಮುಖ ತಿರುಗಿಸಿದಳು. ಮೂರನೆಯ ದಿನ ಏನೂ ಆಗಿಯೇ ಇಲ್ಲ ಎಂಬಂತೆ ಒಂದು ಬಟ್ಟಲು ಕಡಲೆಹಿಟ್ಟಿನ ಜುಣಕ ತಂದುಕೊಟ್ಟಳು. "ಏನ್ ಬಾಯಿ ಅದವ್ವ ನಿನ್ನದು," ಎಂದಳು, ಸ್ವಲ್ಪ ಗೌರವದಿಂದಲೇ. ಮಾಲೀಕರು ಅಮಾವಾಸ್ಯೆಯ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಓಢಣಿ ಕೆಳಗಿಳಿಸಿ ಬೀದಿಯಲ್ಲಿ ನಡೆದೆ. ಗಾಳಿ ಬಿಸಿಯಾಗಿತ್ತು, ಆದರೂ ಮುಖಕ್ಕೆ ಗಾಳಿ.

ಒಂದು ಮಧ್ಯಾಹ್ನ ಪರದೆ ನೀಲಿಯಾಯಿತು. ಹುಡುಗ ನಮ್ಮ ವಾರ್ಡಿನ ಹೆಸರು ಓದಿದ. ಈ ಸಲ ನಾಲ್ಕು ದಿನ. ನಾನು ನೋಡುತ್ತ ಕೂತಿದ್ದೆ. ಪಾಪ, ಅವನೇನು ಮಾಡಿಯಾನು ಎನ್ನಿಸಿತು. ತಗ್ಗಿದ ಕಣ್ಣು, ಮೆಲುದನಿ. ನಿಜವಾಗಿಯೂ ಏನೂ ಅನ್ನಿಸಲಿಲ್ಲ. ಹೇಗೆ ನಡೆಯುತ್ತದೆಂದು ಎಲ್ಲ ಗೊತ್ತಿದ್ದೂ ಅನ್ನಿಸಲಿಲ್ಲ.

ಮಾರನೆಯ ದಿನಕ್ಕೆ ಕೂಸಿನ ಮೈ ಕಾದು ಕೆಂಡವಾಯಿತು. ಅತ್ತು ಅತ್ತು ದನಿ ಬತ್ತಿ, ಆಮೇಲೆ ಅಳುವುದನ್ನೂ ಬಿಟ್ಟಿತು. ಮಂಜುಗಡ್ಡೆ ತಂದು ಬಟ್ಟೆಯಲ್ಲಿ ಸುತ್ತಿ ಒರೆಸಿ ಎಂದರು ಡಾಕ್ಟರು. ನಾನು ಬಕೆಟ್ಟು ಹಿಡಿದು ಮಂಜುಗಡ್ಡೆಯ ಅಂಗಡಿಗೆ ಓಡಿದೆ. ಅಲ್ಲಿ ಸಾಲು ರಸ್ತೆಯ ತಿರುವಿನವರೆಗೆ ಇತ್ತು. ಬಿಸಿಲಲ್ಲಿ ನಿಂತಷ್ಟೂ ಟಿವಿಯ ಮುಂದೆ ಬಾರದಿದ್ದ ಸಿಟ್ಟು ಕಟ್ಟಿಕೊಳ್ಳುತ್ತ ಬಂತು.

ನನ್ನ ಮುಂದೆ ನಿಂತಿದ್ದವನು ತಲೆಗೂ ಮುಖಕ್ಕೂ ಟವೆಲ್ಲು ಸುತ್ತಿಕೊಂಡಿದ್ದ. ಎರಡು ಸಲ ಹಿಂತಿರುಗಿ ನೋಡಿದ. ಮೂರನೆಯ ಸಲ ಟವೆಲ್ಲನ್ನು ಚೂರು ಸರಿಸಿದ. ಗುರುತು ಹಿಡಿಯಲು ಅಷ್ಟು ಸಾಕಿತ್ತು.

"ಅಕ್ಕಾರ," ಎಂದ, ನನಗೆ ಮಾತ್ರ ಕೇಳುವಂತೆ. "ಮೊದಲಿನವ್ರು ನೀವೇ ಹೌದಲ್ರಿ? ನಿಮ್ಮನ್ನ ಹೆಂಗ ಬಿಟ್ರು ಅಕ್ಕಾ? ನೀವು ಏನ್ ಮಾಡಿದ್ರಿ? ನನಗೂ ಹೇಳ್ರಿ. ನಿನ್ನಿ ನಮ್ಮ ಬಾಗಿಲಿಗಿ ಸೆಗಣಿ ಹಚ್ಚಿ ಹೋಗ್ಯಾರ. ನಮ್ಮವ್ವ ಹೊರಗ ಬರವಲ್ಲಳು. ಯಾರಿಗಿ ಕೇಳಬೇಕು ಗೊತ್ತಿಲ್ಲ. ನಿಮ್ಮನ್ನ ಬಿಟ್ರ ಯಾರಿಗೂ ಗೊತ್ತಿಲ್ಲ."

ಉತ್ತರ ನನ್ನ ಬಾಯಲ್ಲೇ ಇತ್ತು. ತಲೆ ಎತ್ತು, ಅವರನ್ನು ಬೈ. ಅಷ್ಟೇ. ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಾದಷ್ಟು.

ಅವನು ಕಾದು ನಿಂತಿದ್ದ. ಕಣ್ಣು ನೆಲದ ಮೇಲೆ. ಇವನು ನನಗೆ ಎದುರು ನಿಲ್ಲುವುದಿಲ್ಲ ಎಂದು ನನ್ನೊಳಗೆ ಯಾವುದೋ ಒಂದು ಲೆಕ್ಕ ಹಾಕಿ ಮುಗಿಸಿತು. ನಾನು ಹಾಕಿದ್ದಲ್ಲ, ತಾನಾಗಿಯೇ ಆಯಿತು. ಮನೆಯಲ್ಲಿ ಕೂಸು ಅಳುವುದನ್ನು ಬಿಟ್ಟಿತ್ತು.

"ನಾಕು ದಿನ ಅಂತ ಓದೂ ಮುಂದ ನಿನಗ ನಾಚಿಕಿ ಬರ್ಲಿಲ್ಲೇನು?" ಎಂದೆ.

ಅವನು ಬೆಚ್ಚಿದ. "ನಾ ಓದಿಲ್ರಿ ಅಕ್ಕಾ. ನಿಮಗ ಗೊತ್ತದಲ್ರೀ. ನಿಮಗರೆ ಗೊತ್ತದಲ್ರೀ."

ಗೊತ್ತಿತ್ತು.

"ಕೂಸು ಸಾಯಾಕತ್ತದ ನಮ್ಮ ಮನ್ಯಾಗ," ಎಂದೆ. ದನಿ ಏರಿತು. ಇಷ್ಟು ದಿನದಲ್ಲಿ ಅದಕ್ಕೆ ಏರುವುದು ರೂಢಿಯಾಗಿತ್ತು. "ನೀ ಇಲ್ಲಿ ಬಂದು ಬರ್ಫ ಒಯ್ತಿ. ಇವನೇ ನೋಡ್ರಿ, ಮುಖ ಮುಚ್ಗೊಂಡು ನಿಂತಾನ!"

ಕೈ ಚಾಚಿ ಟವೆಲ್ಲು ಎಳೆದೆ. ಸಾಲಿನವರೆಲ್ಲ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದ.